ಎಡಗಡೆಯ ನಟ್ಟು ಬಲಕ್ಕೆ ತಿರುಗಿಸಿ!

ಡೆಟ್ರಾಯಿಟ್ ಪಕ್ಕದ ಊರಿನಲ್ಲಿರುವ ಮಗಳ ಮನೆಗೆ ಬಂದ ಅಪ್ಪಂದಿರಿಗೆ ಜನವರಿಯಲ್ಲಿ ಎರಡೇ ಕೆಲಸ. ಕಿಟಕಿಯಲ್ಲಿ ಹಿಮ ನೋಡುವುದು, ಊರಿಗೆ ಫೋನ್ ಹಚ್ಚಿ ಹಿಮದ ಬಗ್ಗೆ ಹೇಳುವುದು. ನನಗೆ ಮೂರನೆಯದೂ ಸಿಕ್ಕಿತು. ಪಕ್ಕದ ಮನೆಯ ಗ್ಯಾರೇಜಿನಲ್ಲಿ 1964ರ ಡಾಡ್ಜ್ ಡಾರ್ಟ್ ಒಂದು ಬೆಚ್ಚಗೆ ನಿಂತಿದೆ. ದಿನಾ ಆಫೀಸಿಗೆ ಹೋಗುವ ಮನೆಯೊಡತಿಯ ಹೊಸ ಕಾರು ಹೊರಗೆ ಹಿಮದಲ್ಲಿ ಹೂತಿದೆ. ರಿಟೈರಾದ ಯಜಮಾನರು ಯಾವುದೋ ಗ್ಯಾಸ್ಕೆಟ್ ತರಲು ಹೋಗಿದ್ದರು. ಆ ಸಂದು ನೋಡಿ ಒಳಹೊಕ್ಕೆ.

ಡಾರ್ಟಮ್ಮನವರೇ, ಆರೋಗ್ಯ ಹೇಗಿದೆ?

ಅರವತ್ತು ದಾಟಿತು ಸ್ವಾಮಿ. ತಾನಾಗಿ ಕೆಟ್ಟಿದ್ದು ಕಡಿಮೆ, ರಿಪೇರಿಯಿಂದ ಕೆಟ್ಟಿದ್ದೇ ಜಾಸ್ತಿ.

ತವರುಮನೆ?

ಇಲ್ಲೇ, ಹ್ಯಾಮ್‌ಟ್ರಾಮಿಕ್. ಡಾಡ್ಜ್ ಮೇನ್ ಅಂತ ಕಾರ್ಖಾನೆ. 1980ರ ಜನವರಿಯಲ್ಲಿ ಬಾಗಿಲು ಹಾಕಿದರು, ಆಮೇಲೆ ಕೆಡವಿದರು. ಆ ಜಾಗದಲ್ಲಿ ಜನರಲ್ ಮೋಟಾರ್ಸ್‌ನವರು ತಮ್ಮ ಕಾರ್ಖಾನೆ ಕಟ್ಟಿಕೊಂಡರು. ತವರು ದಾಯಾದಿಗಳ ಪಾಲಾಯಿತು ಅನ್ನಿ.

ನಿಮ್ಮ ಎಂಜಿನ್ ಸ್ವಲ್ಪ ವಾಲಿದಂತಿದೆಯಲ್ಲ?

ಸ್ವಲ್ಪವಲ್ಲ, ಲೆಕ್ಕ ಹಾಕಿ 30 ಡಿಗ್ರಿ. ಹೆಸರೇ ಸ್ಲಾಂಟ್ ಸಿಕ್ಸ್. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, 225 ಘನ ಇಂಚು. ವಾಲಿಸಿದ್ದರಿಂದ ಬಾನೆಟ್ ತಗ್ಗಿಸಲು ಬಂತು. ಹುಟ್ಟಾ ಸೊಟ್ಟಗಿದ್ದೂ ಇಷ್ಟು ವರ್ಷ ಓಡಿದೆ. ಜೊತೆಯಲ್ಲಿ ನೆಟ್ಟಗೆ ಹುಟ್ಟಿದವು ಎಷ್ಟೋ ಗುಜರಿ ಸೇರಿದವು.

ರಿಪೇರಿಯಿಂದ ಕೆಟ್ಟೆ ಅಂದಿರಿ...

ನನ್ನ ಎಡಗಡೆ ಚಕ್ರಗಳನ್ನು ನೋಡಿ. ಎರಡು ಬೋಲ್ಟ್ ಹೊಸದಾಗಿವೆಯಲ್ಲ, ಅದೊಂದು ಕಥೆ. ಆಗೆಲ್ಲ ನಮ್ಮ ಮನೆತನದಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್. ಓಡುವಾಗ ಚಕ್ರ ತಿರುಗಿ ತಿರುಗಿ ನಟ್ಟು ಸಡಿಲವಾಗಬಾರದು ಅಂತ ನಮ್ಮ ಹಿರಿಯರು ಮಾಡಿದ ಏರ್ಪಾಡು. ಬೋಲ್ಟಿನ ತುದಿಯಲ್ಲಿ 'ಎಲ್' ಅಂತ ಅಚ್ಚೂ ಹಾಕಿದ್ದಾರೆ. ನಮ್ಮ ಯಜಮಾನರು ಅದನ್ನು ಕಂಪನಿಯ ಗುರುತು ಅಂದುಕೊಂಡರು. ಎಡಕ್ಕೆ ತಿರುಗಿಸಿದರು, ಬಿಚ್ಚಲಿಲ್ಲ. ತುಕ್ಕು ಅಂತ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದರು. ಬೆಳಿಗ್ಗೆ ಪಾನಾಕ್ಕೆ ಮೂರಡಿ ಪೈಪ್ ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತರು. ಟಕ್ ಅಂತು. ಅವರಿಗೆ ಬಿಚ್ಚಿತು ಅನ್ನೋ ಸಂತೋಷ, ನನಗೆ ಮುರಿಯಿತು ಅನ್ನೋ ನೋವು. ಎರಡನೆಯದು ಮುರಿದ ಮೇಲೆ ಪುಸ್ತಕ ತೆಗೆದರು.

ಪುಸ್ತಕ ಮೊದಲೇ ಇತ್ತೇ?

ಡಿಕ್ಕಿಯಲ್ಲೇ ಇತ್ತು. ಎಣ್ಣೆ ಡಬ್ಬಿಯ ಅಡಿಗೆ.

ಬೇರೆ ಕಾಯಿಲೆ ಏನಾದರೂ?

ಮೊನ್ನೆ ಅಕ್ಟೋಬರಿನಲ್ಲಿ ಒಂದು ಬಂತು. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿದ್ದೆ, ಕೈ ಬಿಟ್ಟ ಕೂಡಲೇ ಆಫ್. ಹೊಸ ಸರ್ಕಾರದ ಮೊದಲ ವಾರದ ಹಾಗೆ. ಇವರು ಪೆಟ್ರೋಲ್ ಬರುತ್ತಿಲ್ಲ ಅಂತ ತೀರ್ಮಾನಿಸಿದರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಹಳೆಯ ರಬ್ಬರ್ ಪೈಪನ್ನು ತಿನ್ನುತ್ತದೆ ಅಂತ ಗೆಳೆಯರೊಬ್ಬರು ಹೇಳಿದ್ದರು. ಮಾತು ಸುಳ್ಳಲ್ಲ, ಆದರೆ ನನ್ನ ಕಾಯಿಲೆ ಅದಲ್ಲ. ಪೈಪ್ ಬದಲಾಯಿತು, ಪಂಪ್ ಬದಲಾಯಿತು. ಕಾರ್ಬೊರೇಟರನ್ನು ಅಡುಗೆಮನೆ ಟೇಬಲ್ ಮೇಲೆ ಎರಡು ಸಲ ಬಿಚ್ಚಿ ಜೋಡಿಸಿದರು. ಎರಡನೇ ಸಲ ಒಂದು ಸ್ಪ್ರಿಂಗ್ ಮಿಕ್ಕಿತು. ಅದನ್ನು ಜೇಬಿಗೆ ಹಾಕಿಕೊಂಡರು.

ಕೊನೆಗೆ ಏನಾಗಿತ್ತು?

ಬ್ಯಾಲಾಸ್ಟ್ ರೆಸಿಸ್ಟರ್. ಎಂಜಿನ್ ಹಿಂದಿನ ತಗಡಿನ ಗೋಡೆಗೆ ಕೂರಿಸಿದ, ಬೆರಳುದ್ದದ ಬಿಳಿ ಪಿಂಗಾಣಿ ತುಂಡು. ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಕರೆಂಟು ಬೇರೆ ದಾರಿಯಲ್ಲಿ ನೇರ ಹೋಗುತ್ತದೆ, ಕೀಲಿ ಬಿಟ್ಟರೆ ಈ ತುಂಡಿನ ಮೂಲಕ. ಇದು ಸುಟ್ಟಿದ್ದರೆ ಬಿಟ್ಟ ಗಳಿಗೆಯಲ್ಲೇ ಎಂಜಿನ್ ನಿಲ್ಲುತ್ತದೆ. ತಿಳಿದವರು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇನ್ನೊಂದನ್ನು ಇಟ್ಟುಕೊಂಡೇ ಓಡಾಡುತ್ತಾರೆ. ನಮ್ಮವರೂ ಇಟ್ಟುಕೊಂಡಿದ್ದರು, ಅದೇನೆಂದು ಮರೆತಿದ್ದರು ಅಷ್ಟೇ.

ಹಾಗಾದರೆ ಯಜಮಾನರಿಗೆ ಏನೂ ಬರುವುದಿಲ್ಲ ಅನ್ನಬಹುದೇ?

ಛೆ, ಬಿಡ್ತು ಅನ್ನಿ! ಟ್ಯಾಪೆಟ್ ಸೆಟ್ ಮಾಡುವಾಗ ನೀವು ಅವರನ್ನು ನೋಡಬೇಕು. ನನ್ನದು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಮಾಡುವ ಕೆಲಸ. ಮೇಲಿನ ಮುಚ್ಚಳ ತೆಗೆದರೆ ಹನ್ನೆರಡು ರಾಕರ್‌ಗಳು ಕುಣಿಯುತ್ತಿರುತ್ತವೆ, ಬಿಸಿ ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಆ ಕುಣಿತದ ನಡುವೆ ಫೀಲರ್ ಗೇಜ್ ತೂರಿಸಿ ಇನ್‌ಟೇಕಿಗೆ 0.010 ಇಂಚು, ಎಕ್ಸಾಸ್ಟಿಗೆ 0.020 ಇಡಬೇಕು. ಮೂರು ಹೊತ್ತು ಮಾತಾಡುವ ಮನುಷ್ಯ ಆಗ ಉಸಿರೇ ಬಿಡುವುದಿಲ್ಲ. ಗೇಜ್ ಎಳೆದಾಗ ತುಪ್ಪದಲ್ಲಿ ಚಾಕು ಎಳೆದಂತೆ ಬರಬೇಕು. ಬರುತ್ತದೆ. ಮುಗಿದ ಮೇಲೆ ಹೊಲಿಗೆ ಮಿಷನ್ನಿನ ಹಾಗೆ ಟಿಕಟಿಕ ಅನ್ನುತ್ತೇನೆ. ಸದ್ದೇ ಇರಬಾರದು ಅಂತ ಬಿಗಿ ಮಾಡಿದವರ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗಿದೆ. ಇವರು ಬಿಗಿ ಮಾಡುವುದಿಲ್ಲ, ಅಷ್ಟು ಬುದ್ಧಿ ಇದೆ.

ನಮ್ಮೂರಲ್ಲಿ ವಾಹನಗಳಿಗೆ ಆಯುಧಪೂಜೆ ಇದೆ. ನಿಮಗೆ?

ಆಗಸ್ಟಿನ ಮೂರನೇ ಶನಿವಾರ, ವುಡ್‌ವರ್ಡ್ ಅವೆನ್ಯೂ. 1995ರಿಂದ ನಡೆದು ಬಂದಿದೆ. ಹಳೆಯ ಗಾಡಿಗಳೆಲ್ಲ ಮೆರವಣಿಗೆ ಹೊರಡುತ್ತವೆ, ಜನ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಾರೆ. ಕುಂಬಳಕಾಯಿ ಒಡೆಯುವುದಿಲ್ಲ, ನಮ್ಮದೇ ರೇಡಿಯೇಟರ್ ಒಡೆಯುತ್ತದೆ. ಅಂದಹಾಗೆ ಬೊಂಬಾಯಿಯ ಪ್ರೀಮಿಯರ್‌ನವರು ನಮ್ಮ ಬಳಗದ ಡಾಡ್ಜ್, ಫಾರ್ಗೊ ಲಾರಿಗಳನ್ನು ಜೋಡಿಸುತ್ತಿದ್ದರಲ್ಲ, ಅವರೆಲ್ಲ ಹೇಗಿದ್ದಾರೆ?

(ಏನು ಹೇಳಲಿ? ಕೆಮ್ಮಿದೆ.)

ಗೊತ್ತಾಯಿತು ಬಿಡಿ.

ಕೊನೆಯ ಪ್ರಶ್ನೆ. ನಿಮ್ಮ ಶತ್ರು ಯಾರು?

ಉಪ್ಪು. ಕಾರಿನ ರಾಜಧಾನಿ ಅಂತ ಹೆಸರಾದ ಈ ಡೆಟ್ರಾಯಿಟ್‌ನ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ಮೇಲೆ ನಮ್ಮನ್ನು ಕಟ್ಟಿದರು, ಕೆಳಗಿನಿಂದ ಉಪ್ಪು ತೆಗೆದು ಚಳಿಗಾಲದಲ್ಲಿ ರಸ್ತೆಗೆ ಸುರಿದರು. ಉಪ್ಪು ತಿಂದವ ನೀರು ಕುಡಿಯಬೇಕು ಅಂತೀರಲ್ಲ ನೀವು, ಇಲ್ಲಿ ತಿಂದದ್ದೂ ಕುಡಿದದ್ದೂ ನನ್ನ ಫ್ಲೋರು. ನನಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗೆ ಫ್ರಿಜ್ಜಿನ ಮ್ಯಾಗ್ನೆಟ್ ಇಟ್ಟು ನೋಡಿ. ಜಾರಿ ಬಿತ್ತೇ? ಅಲ್ಲಿ ತಗಡಿಲ್ಲ, ಹಿಂದಿನ ಮಾಲೀಕರ ಪುಟ್ಟಿ. ಮೇಲೆ ಒಳ್ಳೇ ಪೇಂಟು.

ಹೊರಗೆ ಲಾರಿಯೊಂದರ ಸದ್ದು ಕೇಳಿತು. ಡಾರ್ಟಮ್ಮ ದನಿ ತಗ್ಗಿಸಿದಳು.

ಹೋಗುವಾಗ ಬಾಗಿಲು ಪೂರ್ತಿ ಇಳಿಸಿ ಹೋಗಿ ಸ್ವಾಮಿ. ಉಪ್ಪಿನ ಲಾರಿ ಬಂತು.