ಆಜೀವ ತೆರಿಗೆ ಕಟ್ಟಿದ ಥಾರಪ್ಪ

ಮಹೀಂದ್ರ ಥಾರ್ ಕೊಂಡವರನ್ನು ಮೈಲೇಜ್ ಎಷ್ಟು ಎಂದು ಕೇಳಬಾರದು, ನೊಂದುಕೊಳ್ಳುತ್ತಾರೆ. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಕೇಳಬೇಕು, ಮುಖ ಅರಳುತ್ತದೆ. ಬೆಂಗಳೂರಿನ ಕಾಡುಗೋಡಿಯಿಂದ ವರ್ತೂರಿನವರೆಗೆ, ಎಲೆಕ್ಟ್ರಾನಿಕ್ ಸಿಟಿಯಿಂದ ಬೊಮ್ಮಸಂದ್ರದವರೆಗೆ ಯಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೇಳಿದರೂ ಉತ್ತರ ಒಂದೇ: “ಮಾರೋ ಮಾತೇ ಇಲ್ಲ ಗುರು, ಇದು ನನ್ನ ಮಗನಿಗೆ.” ಮಗನಿನ್ನೂ ಎಲ್‌ಕೆಜಿ. ಈ ಉತ್ತರ ಕೊಡುವ ಮಹನೀಯನನ್ನು ಥಾರಪ್ಪ ಎನ್ನೋಣ. ಜಿಮ್ನಿ ಇಟ್ಟವರು, ಗೂರ್ಖಾ ಇಟ್ಟವರು ಎಲ್ಲ ಇದೇ ಗೋತ್ರದವರು, ಪ್ರವರದಲ್ಲಿ ಸ್ವಲ್ಪ ವ್ಯತ್ಯಾಸ ಅಷ್ಟೆ. ವಯಸ್ಸು ಮೂವತ್ತೈದರ ಆಚೀಚೆ, ಕೆಲಸ ಸಾಫ್ಟ್‌ವೇರ್, ಬೆನ್ನುನೋವು ಅದಾಗಲೇ ಶುರುವಾಗಿದೆ. ಗಾಡಿಯ ನೆತ್ತಿಯ ಮೇಲೊಂದು ಕ್ಯಾರಿಯರ್, ಅದರಲ್ಲಿ ಎರಡು ಜೆರಿಕ್ಯಾನ್, ಒಂದು ಸಲಿಕೆ. ಸಲಿಕೆಗೆ ಅಂಟಿಸಿದ್ದ ಬೆಲೆಚೀಟಿ ಇನ್ನೂ ಹರಿದಿಲ್ಲ. ಇಂಥವನು ‘ಜೀವನಪೂರ್ತಿ’ ಎಂದರೆ ಸುಳ್ಳು ಎಂದು ನಕ್ಕುಬಿಡುವುದು ಸುಲಭ. ಆದರೆ ಅವನು ಸುಳ್ಳು ಹೇಳುತ್ತಿಲ್ಲ. ನಾವು ಗಾಡಿಯ ಆಯಸ್ಸನ್ನು ವರ್ಷದ ಲೆಕ್ಕದಲ್ಲಿ ಕೇಳುತ್ತೇವೆ, ಅವನು ಬೇರೆ ಲೆಕ್ಕದಲ್ಲಿ ಹೇಳುತ್ತಾನೆ. ಒಂದು ದಿನ ಈ ಕೆಲಸ, ಈ ಊರು ಎರಡನ್ನೂ ಬಿಟ್ಟು ಮಲೆನಾಡಿನ ಕಡೆ ಹೋಗಿಬಿಡುತ್ತೇನೆ ಎಂಬ ನಂಬಿಕೆ ಅವನಲ್ಲಿ ಎಷ್ಟು ಕಾಲ ಉಳಿಯುತ್ತದೋ ಅಷ್ಟು ಕಾಲ ಗಾಡಿ ಉಳಿಯುತ್ತದೆ.

ಈ ನಂಬಿಕೆಗೆ ಜಾತಕವಿದೆ, ಹುಟ್ಟಿದ ವರ್ಷ 2020. ಮಹೀಂದ್ರದವರಿಗೆ ಜೀಪು ಹೊಸದೇನಲ್ಲ. ಸ್ವಾತಂತ್ರ್ಯ ಬಂದ ಕಾಲದಿಂದ ವಿಲ್ಲೀಸ್ ಜೀಪು ಜೋಡಿಸಿಕೊಂಡು ಬಂದವರು. ಥಾರ್ ಎಂಬ ಹೆಸರಿನ ಗಾಡಿ 2010ರಲ್ಲೇ ಬಂದಿತ್ತು. ಆದರೆ ಅದು ಎಸ್ಟೇಟಿನವರ ಮತ್ತು ಹಟಮಾರಿಗಳ ಗಾಡಿ. ಅದರಲ್ಲಿ ಕೂತು ಸಿಲ್ಕ್ ಬೋರ್ಡ್ ದಾಟಿದವರು ಇನ್ನೊಮ್ಮೆ ದಾಟುವ ಆಸೆ ಇಟ್ಟುಕೊಂಡವರಲ್ಲ. 2020ರ ಅಕ್ಟೋಬರ್ 2ರಂದು ಎರಡನೆಯ ತಲೆಮಾರಿನ ಥಾರ್ ಮಾರುಕಟ್ಟೆಗೆ ಬಂತು, ಬರುವಾಗ ಆಟೊಮ್ಯಾಟಿಕ್ ಗೇರನ್ನೂ ಟಚ್‌ಸ್ಕ್ರೀನನ್ನೂ ತಂದಿತು. ಅದೇ ವರ್ಷ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರೂ ಹೆಚ್ಚು ಆದಾಯದವರೂ ಜಮೀನು ಕೊಳ್ಳುವ ದಾರಿ ತೆರೆಯಿತು. ಇದೆಲ್ಲದರ ಮೇಲೆ ಕೊರೊನಾ, ಮನೆಯಿಂದಲೇ ಕೆಲಸ. ಸಕಲೇಶಪುರದ ಹೋಂಸ್ಟೇಯಲ್ಲಿ ಕೂತು ಮೀಟಿಂಗ್ ಮುಗಿಸಿದವನಿಗೆ ಬೆಂಗಳೂರು ಯಾತಕ್ಕೆ ಅನ್ನಿಸಿದ್ದರಲ್ಲಿ ಅಪರಾಧವೇನಿಲ್ಲ. ಜಮೀನಿಗೆ ಕಾನೂನು ಅಡ್ಡಿಯಿಲ್ಲ, ಕೆಲಸಕ್ಕೆ ಊರು ಅಡ್ಡಿಯಿಲ್ಲ, ಕಾಡುದಾರಿಗೆ ಗಾಡಿ ಸಿದ್ಧ. ಮೂರೂ ಒಟ್ಟಿಗೆ ಒದಗಿದ ಮೇಲೆ ಬುಕಿಂಗ್ ಹಣ ಕಟ್ಟದೆ ಇರಲು ಯೋಗಿಯೇ ಆಗಿರಬೇಕು.

ಥಾರಪ್ಪ ಕೊಂಡದ್ದು ಗಾಡಿಯನ್ನಲ್ಲ, ಈ ನಂಬಿಕೆಯನ್ನು ಎನ್ನುವುದಕ್ಕೆ ಕಂಪನಿಯೇ ಸಾಕ್ಷಿ ಒದಗಿಸಿದೆ. 2023ರ ಜನವರಿಯಲ್ಲಿ ನಾಲ್ಕು ಚಕ್ರಕ್ಕೆ ಬದಲು ಹಿಂದಿನ ಎರಡೇ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಥಾರ್ ಬಿಡುಗಡೆಯಾಯಿತು, ಎಕ್ಸ್-ಶೋರೂಂ ಬೆಲೆ 9.99 ಲಕ್ಷ ರೂಪಾಯಿಯಿಂದ ಶುರು. ಹೊರಗಿನಿಂದ ನೋಡಿದರೆ ಅದೇ ಎದೆ, ಅದೇ ಮೂಗು. ಒಳಗೆ ಮಾತ್ರ, ಯಾವುದಕ್ಕಾಗಿ ಇದನ್ನು ಥಾರ್ ಎನ್ನುತ್ತಾರೋ ಅದೇ ಇಲ್ಲ. ಗುಡ್ಡ ಹತ್ತುವುದೇ ಉದ್ದೇಶವಾಗಿದ್ದರೆ ಈ ಗಾಡಿ ಷೋರೂಮಿನಲ್ಲೇ ಧೂಳು ತಿನ್ನಬೇಕಿತ್ತು. ಆದದ್ದು ಉಲ್ಟಾ, ಅದಕ್ಕೂ ಜನ ತಿಂಗಳುಗಟ್ಟಲೆ ಕಾದರು. ಇನ್ನು ಫೋರ್ ಬೈ ಫೋರ್ ಕೊಂಡವನ ಕತೆ. ಮುಖ್ಯ ಗೇರಿನ ಪಕ್ಕದಲ್ಲಿ ಎರಡನೆಯದೊಂದು ಗಿಡ್ಡ ಲಿವರ್ ಇದೆ, ಅದರ ಮೇಲೆ 4ಎಲ್ ಎಂದು ಬರೆದಿದೆ. ಕೆಸರಿನಲ್ಲಿ ಹೂತರೆ, ಕಡಿದಾದ ಏರು ಎದುರಾದರೆ ಹಾಕಬೇಕಾದದ್ದು. ಬಳಸದೆ ಬಿಟ್ಟರೆ ಇದು ಬಿಗಿದುಕೊಳ್ಳುತ್ತದೆ, ಆಗಾಗ ಹಾಕಿ ಓಡಿಸುತ್ತಿರಿ ಎಂದು ಮೆಕ್ಯಾನಿಕ್ಕುಗಳು ಹೇಳುತ್ತಾರೆ. ಥಾರಪ್ಪ ವಿಧೇಯ. ಭಾನುವಾರ ಬೆಳಗ್ಗೆ ಲೇಔಟಿನ ಹಿಂದಿನ ಖಾಲಿ ಸೈಟಿಗೆ ಹೋಗಿ, ಯಾರೋ ಮನೆ ಕಟ್ಟಲು ಸುರಿಸಿಕೊಂಡ ಎಂ-ಸ್ಯಾಂಡಿನ ಗುಡ್ಡೆಯ ಪಕ್ಕ ಎರಡು ಸುತ್ತು ಹೊಡೆದು ಬರುತ್ತಾನೆ. ಅದಕ್ಕಿಂತ ಎತ್ತರದ ಗುಡ್ಡವನ್ನು ಆ ಲಿವರ್ ಕಂಡಿಲ್ಲ.

ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿದ್ದರೆ ಅವನ ಮನೆಯ ಯುಟಿಲಿಟಿಗೆ ಹೋಗಬೇಕು. ಅಲ್ಲಿ ವಾಷಿಂಗ್ ಮಷೀನಿಗೂ ಗೋಡೆಗೂ ನಡುವೆ ಕಂಪನಿ ಕೊಟ್ಟ ಮೂಲ ಟೈರು, ಮೂಲ ಬಂಪರು ಪ್ಲಾಸ್ಟಿಕ್ ಹೊದ್ದು ಕೂತಿವೆ. ಗಾಡಿ ಮನೆಗೆ ಬಂದ ತಿಂಗಳಲ್ಲೇ ಅವನ್ನು ಬಿಚ್ಚಿಸಿ ದಪ್ಪ ಗುಬುಟಿನ ಟೈರು, ಕಬ್ಬಿಣದ ಬಂಪರು, ಹೆಚ್ಚುವರಿ ದೀಪ ಹಾಕಿಸಿದ್ದಾನೆ. ಮುಂಭಾಗಕ್ಕೆ ಹಾಕುವ ಬುಲ್ ಬಾರನ್ನು ಕೇಂದ್ರ ಸರ್ಕಾರ 2017ರ ಕೊನೆಯಲ್ಲೇ ನಿಷೇಧಿಸಿದೆ, ತಯಾರಕರು ಕೊಟ್ಟ ರೂಪವನ್ನು ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಥಾರಪ್ಪ ಇವನ್ನೆಲ್ಲ ಬಲ್ಲ, ಟ್ರಾಫಿಕ್ ಪೊಲೀಸರು ಕಂಡಲ್ಲಿ ಲೇನ್ ಬದಲಿಸುವುದನ್ನೂ ಬಲ್ಲ. ಕಾನೂನಿನ ಮಾತು ಹಾಗಿರಲಿ. ಸಾಯುವವರೆಗೆ ಇಟ್ಟುಕೊಳ್ಳುವ ಗಾಡಿಯ ಮೂಲ ಟೈರುಗಳನ್ನು, ಚದರಡಿಗೆ ಹತ್ತಾರು ಸಾವಿರ ಕೊಟ್ಟು ಕೊಂಡ ಜಾಗದಲ್ಲಿ, ಹೆಂಡತಿ ದಿನಾ “ರೀ, ಇದನ್ನ ಯಾವಾಗ ಎತ್ತಿಸ್ತೀರಿ?” ಎಂದು ಕೇಳುತ್ತಿದ್ದರೂ ಕಾಪಾಡಿಕೊಂಡು ಬರುವುದೇಕೆ? ಮಾರುವ ದಿನ ಗಾಡಿ ‘ಸ್ಟಾಕ್ ಕಂಡೀಷನ್’ನಲ್ಲಿ ಇರಬೇಕು, ಅದಕ್ಕೆ. ಬಾಯಿ ಜೀವಮಾನದ ಮಾತಾಡುತ್ತದೆ, ಯುಟಿಲಿಟಿ ಸತ್ಯ ಹೇಳುತ್ತದೆ.

ಇಷ್ಟು ಹೇಳಿದರೆ ಥಾರಪ್ಪನ ವಕೀಲರು ಏಳುತ್ತಾರೆ. ಮೊದಲ ತಕರಾರು ರಸ್ತೆಯದು. ಪಣತ್ತೂರು, ಬಳಗೆರೆ, ಗುಂಜೂರುಗಳ ರಸ್ತೆ ಕಂಡವನು ಮಲೆನಾಡಿಗೆ ಹೋಗಬೇಕೇ, ಕಾಡು ಇಲ್ಲೇ ಇದೆಯಲ್ಲ ಎನ್ನುತ್ತಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ನೆಲದಿಂದ 226 ಮಿಲಿಮೀಟರ್ ಎತ್ತರದ ಗಾಡಿಗೆ ನಮ್ಮ ಹಂಪುಗಳು ಹೊಟ್ಟೆ ತಾಗಿಸಲಾರವು. ಉಳಿದರ್ಧ ಸತ್ಯ ಹಿಂದಿನ ಸೀಟಿನಲ್ಲಿ ಕೂತವರ ಬಳಿ ಇದೆ. ಲಾರಿಯಂತೆ ಚಾಸಿಯ ಮೇಲೆ ಕೂರಿಸಿದ ಗಾಡಿ ಗುಂಡಿಯನ್ನು ದಾಟುತ್ತದೆ ನಿಜ, ದಾಟಿದ ಸುದ್ದಿಯನ್ನು ಒಳಗಿನವರ ಸೊಂಟಕ್ಕೆ ತಪ್ಪದೆ ತಲುಪಿಸುತ್ತದೆ. ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದಕ್ಕೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ತಲೆ ತಗ್ಗಿಸಿ ನುಸುಳಬೇಕು. ಸೀರೆ ಉಟ್ಟ ಅಮ್ಮ ಒಮ್ಮೆ ಹಾಗೆ ಹತ್ತಿ ಇಳಿದರೆ, ಮುಂದಿನ ಸಲ ಬನಶಂಕರಿ ದೇವಸ್ಥಾನಕ್ಕೆ “ನಾನು ಆಟೋದಲ್ಲೇ ಬರ್ತೀನಪ್ಪ” ಎನ್ನುತ್ತಾರೆ. ಮಳೆಯ ಮಾತೂ ಬರುತ್ತದೆ. 650 ಮಿಲಿಮೀಟರ್ ನೀರು ದಾಟಬಲ್ಲ ಗಾಡಿಯೇ ಈ ಊರಿಗೆ ಸರಿ ಎಂಬ ವಾದ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್, ಯಮಲೂರು ನೀರಿನಲ್ಲಿ ನಿಂತಾಗ ಈ ವಾದಕ್ಕೆ ಪರೀಕ್ಷೆ ನಡೆದೇ ಹೋಯಿತು. ಲ್ಯಾಪ್‌ಟಾಪ್ ಚೀಲ ಎದೆಗೆ ಅವುಚಿಕೊಂಡ ಐಟಿ ನೌಕರರನ್ನು ದಡ ಸೇರಿಸಿದ್ದು ಟ್ರ್ಯಾಕ್ಟರುಗಳು. ಆ ಟ್ರ್ಯಾಕ್ಟರಿನವರನ್ನು ಎಷ್ಟು ವರ್ಷ ಇಟ್ಕೊಳ್ತೀರಿ ಎಂದು ಯಾರೂ ಕೇಳಲಿಲ್ಲ. ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಥಾರೂ ಆಲ್ಟೋದಷ್ಟೇ ಶ್ರದ್ಧೆಯಿಂದ ಮುಳುಗುತ್ತದೆ.

ಎರಡನೆಯ ತಕರಾರು ತೆರಿಗೆಯದು, ಇದನ್ನು ಬೇಗ ಮುಗಿಸಬಹುದು. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಬೆಲೆಯ ಶೇಕಡಾ 17ರಷ್ಟು ಆಜೀವ ತೆರಿಗೆ, ಮೇಲೆ ಸೆಸ್ಸು. ಹದಿನೈದು ಲಕ್ಷದ ಗಾಡಿಗೆ ಎರಡೂವರೆ ಲಕ್ಷದ ಮೇಲೆ ಒಂದೇ ಏಟಿಗೆ ಕಟ್ಟಿದವನು ನಡುವೆ ಮಾರುತ್ತಾನೆಯೇ ಎನ್ನುತ್ತಾರೆ. ಮಾರುತ್ತಾನೆ. ತೆರಿಗೆ ಅಂಟಿಕೊಂಡಿರುವುದು ಗಾಡಿಗೆ, ಮಾಲೀಕನಿಗಲ್ಲ. ಕೊಳ್ಳುವವನು ಅದಕ್ಕೂ ಸೇರಿಸಿ ಬೆಲೆ ಕೊಡುತ್ತಾನೆ. ಅಲ್ಲದೆ ಸಾರಿಗೆ ಇಲಾಖೆಯ ಪ್ರಕಾರ ಆಜೀವ ಎಂದರೆ 15 ವರ್ಷ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಿಂದ 10,000. ಮಗ ಎಲ್‌ಕೆಜಿ ಮುಗಿಸಿ ಲೈಸೆನ್ಸ್ ಪಡೆಯುವ ಹೊತ್ತಿಗೆ ಗಾಡಿ ಹದಿನೈದರ ಹೊಸಿಲು ತುಳಿಯುತ್ತಿರುತ್ತದೆ. ಆ ಮಗ ಅದನ್ನು ಕೇಳುತ್ತಾನೋ ಎಲೆಕ್ಟ್ರಿಕ್ ಕಾರು ಕೇಳುತ್ತಾನೋ ಎಂಬುದನ್ನು ಅಪ್ಪ ಈಗಲೇ ತೀರ್ಮಾನಿಸಿಬಿಟ್ಟಿದ್ದಾನೆ.

ಗಾಡಿಯನ್ನು ನಿಜವಾಗಿ ಇಟ್ಟುಕೊಳ್ಳುವವರು ಹೇಗಿರುತ್ತಾರೆ ಎಂದು ನೋಡಲು ಪೀಣ್ಯಕ್ಕೆ ಹೋಗಬೇಕು. ಅಲ್ಲಿ ನಾಲ್ಕು ಲೇತು, ಎರಡು ಸಿಎನ್‌ಸಿ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಶೆಡ್ಡಿನ ಮಾಲೀಕರ ಮುಂದೆ ಒಂದು ಹಳೆಯ ಬೊಲೆರೊ ನಿಂತಿರುತ್ತದೆ. ಎಷ್ಟು ವರ್ಷ ಇಟ್ಕೊಳ್ತೀರಿ ಯಜಮಾನ್ರೆ ಎಂದರೆ, “ಅಯ್ಯೋ, ಈ ವರ್ಷ ತೆಗೆದುಬಿಡಬೇಕು ಸ್ವಾಮಿ” ಎನ್ನುತ್ತಾರೆ. ಇದೇ ಮಾತನ್ನು ಅವರು ಪೀಣ್ಯ ಮೇಲ್ಸೇತುವೆ ಕಟ್ಟುವಾಗಲೂ ಹೇಳಿದ್ದರು, 2021ರ ಡಿಸೆಂಬರಿನಲ್ಲಿ ಕೇಬಲ್ ಕೆಟ್ಟು ಅದನ್ನು ಮುಚ್ಚಿದಾಗಲೂ ಹೇಳಿದರು, ಭಾರಿ ವಾಹನಗಳಿಗೆ ಮತ್ತೆ ತೆರೆದ 2024ರಲ್ಲೂ ಹೇಳಿದರು. ಹಿಂದಿನ ಸೀಟು ಮಡಚಿ ಕಾಸ್ಟಿಂಗ್ ತುಂಬಿಕೊಂಡು ಆ ಬೊಲೆರೊ ದಾಬಸ್‌ಪೇಟೆಗೆ ಹೋಗಿ ಬರುತ್ತದೆ, ಡ್ಯಾಷ್‌ಬೋರ್ಡ್ ಮೇಲೆ ಡೆಲಿವರಿ ಚಲನ್ ಕಟ್ಟು. ಆಡಿಟರು ವರ್ಷಕ್ಕೆ ಶೇಕಡಾ 15 ಸವಕಳಿ ಬರೆದು ಬರೆದು ಪುಸ್ತಕದಲ್ಲಿ ಅದರ ಬೆಲೆಯನ್ನು ಟೀವಿಯ ಮಟ್ಟಕ್ಕೆ ಇಳಿಸಿದ್ದಾರೆ, ಗಾಡಿಗೆ ಆ ಸುದ್ದಿ ಮುಟ್ಟಿಲ್ಲ. ಕೊಡಚಾದ್ರಿ ಹತ್ತುವ ಜೀಪಿನವರೂ ಮಾಂದಲಪಟ್ಟಿಯ ಜೀಪಿನವರೂ ಇದೇ ಪಂಗಡ. ಬಾಗಿಲಿಗೆ ಹಗ್ಗ ಕಟ್ಟಿಕೊಂಡು, ಪ್ರತಿದಿನ 4ಎಲ್ ಹಾಕಿ, ಹತ್ತು ಜನರನ್ನು ಕೂರಿಸಿಕೊಂಡು ಹತ್ತುತ್ತಾರೆ. ಗೀಚು ಬಿದ್ದೀತು ಎಂದು ತನ್ನ ಗಾಡಿಯನ್ನು ಬುಡದಲ್ಲೇ ನಿಲ್ಲಿಸಿ ಆ ಹತ್ತರಲ್ಲಿ ಒಬ್ಬನಾಗಿ ಕೂತಿರುವವನು ನಮ್ಮ ಥಾರಪ್ಪನೇ. ದುಡಿಯುವ ಗಾಡಿಯನ್ನು ಮಾರಬೇಕೆಂದರೂ ಮಾರಲು ಪುರುಸೊತ್ತು ಸಿಗುವುದಿಲ್ಲ. ಇಟ್ಟುಕೊಳ್ಳುವ ಯೋಜನೆ ಬೇಕಾಗುವುದು ದುಡಿಯದ ಗಾಡಿಗೆ.

ಹಾಗಾದರೆ ಥಾರಪ್ಪನ ಗಾಡಿ ಯಾವಾಗ ಹೋಗುತ್ತದೆ? ನಂಬಿಕೆಗೆ ಎರಡು ಸಾವು. ಒಂದು ನಿಧಾನದ್ದು. ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಎನ್ನುತ್ತದೆ, ಎರಡನೆಯ ಮಗು ಹುಟ್ಟುತ್ತದೆ, ವೈಟ್‌ಫೀಲ್ಡಿಗೆ 2023ರಲ್ಲಿ ಮೆಟ್ರೊ ಬಂದದ್ದು ಸಾಲದೆಂಬಂತೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಗೂ ಬಂದು ಗಾಡಿ ವಾರವಿಡೀ ನೆಲಮಾಳಿಗೆಯಲ್ಲಿ ಧ್ಯಾನಕ್ಕೆ ಕೂರುತ್ತದೆ. ಅಷ್ಟರಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್. 2024ರ ಆಗಸ್ಟಿನಲ್ಲಿ ಹೊರಬಂದ ಆ ಗಾಡಿಗೆ ಅಕ್ಟೋಬರ್ 3ರಂದು ಬುಕಿಂಗ್ ತೆರೆದ ಮೊದಲ ಒಂದು ಗಂಟೆಯಲ್ಲೇ 1.76 ಲಕ್ಷ ಮಂದಿ ಮುಗಿಬಿದ್ದರು. ಅವರಲ್ಲಿ ಹಳೆಯ ಥಾರನ್ನು ಮಗನಿಗೆ ಬರೆದಿಟ್ಟವರು ಇರಲೇ ಇಲ್ಲ ಎಂದು ನಂಬುವಷ್ಟು ಮುಗ್ಧತೆ ಓದುಗರಿಗೆ ಬೇಡ. ಲೋನಿನ ಕೊನೆಯ ಕಂತು ಕಟ್ಟಿದ ವಾರವೇ ‘ರೀಸೇಲ್ ಚೆನ್ನಾಗಿದೆ ಈಗ’ ಎಂಬ ಜ್ಞಾನೋದಯವಾಗುತ್ತದೆ. ಇನ್ನೊಂದು ಸಾವು ಹೆಚ್ಚು ಸ್ವಾರಸ್ಯದ್ದು: ಕನಸು ನಿಜವಾಗುವುದು. ನೂರರಲ್ಲೊಬ್ಬ ಥಾರಪ್ಪ ಕೆಲಸ ಬಿಟ್ಟು ಜಮೀನು ಕೊಂಡೇಬಿಡುತ್ತಾನೆ. ಗುಂಟೆ ಲೆಕ್ಕದಲ್ಲಿ ಮಾರುವ, ಗೇಟಿನವರೆಗೆ ಡಾಂಬರು ಇರುವ ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ ಮಾತಲ್ಲ, ಎಕರೆ ಲೆಕ್ಕದ ನಿಜವಾದ ತೋಟ. ಮೊದಲ ಮಳೆಗಾಲದಲ್ಲಿ ಗೊಬ್ಬರದ ಮೂಟೆ, ಅಡಿಕೆ ಸಸಿ, ಡ್ರಿಪ್ ಪೈಪಿನ ಸುರುಳಿ ತರಬೇಕಾಗುತ್ತದೆ. ಮೂರು ಬಾಗಿಲಿನ ಥಾರ್‌ನ ಡಿಕ್ಕಿಯಲ್ಲಿ ಎರಡು ಸೂಟ್‌ಕೇಸಿಗೇ ಜಗಳ. ಆರು ತಿಂಗಳು ಸಹಿಸಿ, ಏಳನೆಯ ತಿಂಗಳು ಥಾರ್ ಕೊಟ್ಟು ಬೊಲೆರೊ ಪಿಕಪ್ ತರುತ್ತಾನೆ. ಊರು ಬಿಡುವ ಆಸೆಯನ್ನು ಕೈಬಿಟ್ಟವನೂ ಮಾರುತ್ತಾನೆ, ಊರು ಬಿಟ್ಟವನೂ ಮಾರುತ್ತಾನೆ. ಜೀವನಪೂರ್ತಿ ಇಟ್ಟುಕೊಳ್ಳುವವನು, ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತ ಹೋಗದೆ ಕೂತವನೊಬ್ಬನೇ. ಅಂಥವರು ಇದ್ದಾರೆ, ಅವರ ಮಾತು ನಡೆಯುತ್ತದೆ ಎಂದು ಒಪ್ಪಿಕೊಳ್ಳಬೇಕು.

ಯಾರಿಗೂ ತೊಂದರೆ ಕೊಡದ ಆಸೆಯನ್ನು ಹೀಗೆ ಬಗೆದು ನೋಡಬೇಕೇ ಎಂಬ ಕೊನೆಯ ತಕರಾರಿಗೆ ಉತ್ತರವಿಲ್ಲ, ಅದು ನ್ಯಾಯವಾದದ್ದೇ. ತಿಂಗಳ ಕಂತಿನಲ್ಲಿ ಸಕಲೇಶಪುರದ ಭರವಸೆ ಸಿಗುವುದಾದರೆ ಮಾನಸಿಕ ಆರೋಗ್ಯದ ಬಾಬತ್ತಿಗೆ ಅದು ದುಬಾರಿಯೇನಲ್ಲ. ಇದರಿಂದ ನೇರವಾಗಿ ಲಾಭವಾಗುವುದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಕೆಎ-53 ಅಥವಾ ಕೆಎ-51 ನಂಬರಿನ, ಐದು ವರ್ಷದ, ಫಸ್ಟ್ ಓನರ್ ಥಾರ್ ಕಣ್ಣಿಗೆ ಬಿದ್ದರೆ ಅಡಿಗೆ ಬಗ್ಗಿ ಚಾಸಿ ನೋಡಿ, ಮಣ್ಣಿನ ಗುರುತಿಲ್ಲದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಮೂಲ ಟೈರುಗಳನ್ನು ಮರೆಯದೆ ಕೇಳಿ ಪಡೆಯಿರಿ, ಯುಟಿಲಿಟಿಯಲ್ಲಿ ಇದ್ದೇ ಇರುತ್ತವೆ. ಆ ಗಿಡ್ಡ ಲಿವರನ್ನು ಒಮ್ಮೆ 4ಎಲ್‌ಗೆ ಎಳೆದು ನೋಡಿ. ಬಿಗಿಯಾಗಿದ್ದರೆ ಹತ್ತು ಸಾವಿರ ಇಳಿಸಲು ಕೇಳಿ, ಅವನು ವಾದ ಮಾಡುವುದಿಲ್ಲ.