ಕಮಲ ಮಹಲ್ ಬಾಯಿ ಬಿಟ್ಟಾಗ

(ಹಂಪಿಯ ಕಮಲ ಮಹಲ್ ಜೊತೆ ಕಾಲ್ಪನಿಕ ಸಂದರ್ಶನ)

ತಮ್ಮ ಪರಿಚಯ?

ಯಾವ ವಿದ್ವಾಂಸರ ಪ್ರಕಾರ ಹೇಳಲಿ? 1799ರಲ್ಲಿ ಕಾಲಿನ್ ಮೆಕೆಂಜಿ ಮಾಡಿಸಿದ ನಕ್ಷೆಯಲ್ಲಿ ನಾನು ಸಭಾಮಂದಿರ. ಆಮೇಲೆ ಬಂದವರು ರಾಣಿಯರ ಮಹಲ್ ಅಂದರು. ಗೋಡೆಯಾಚೆಗೇ 11 ಅಂಕಣಗಳ ಆನೆ ಲಾಯ. ಆ ಲದ್ದಿಯ ವಾಸನೆಯಲ್ಲಿ ಯಾವ ರಾಣಿ ನಿದ್ದೆ ಮಾಡಿದಳೋ, ಅದರ ಮೇಲೆ ಮಾತ್ರ ಯಾರೂ ಪ್ರಬಂಧ ಬರೆದಿಲ್ಲ.

ಸಂದರ್ಶಕ ಪ್ರಾಧ್ಯಾಪಕರ ಬಗ್ಗೆ ಬೇಸರವೇ?

ಎಲ್ಲರ ಬಗ್ಗೆ ಅಲ್ಲ. ಜಾನ್ ಫ್ರಿಟ್ಸ್, ಜಾರ್ಜ್ ಮಿಚೆಲ್ 1980ರ ದಶಕದಲ್ಲಿ ವರ್ಷ ವರ್ಷ ಬಂದು, ಬಿಡಾರ ಹೂಡಿ, ಒಂದೊಂದು ಕಲ್ಲುಕಟ್ಟಡವನ್ನೂ ಅಳೆದರು. ಬಿಸಿಲು ಉಂಡ ಜನ. ಇನ್ನು ಕೆಲವರು ಹೊಸಪೇಟೆಯ ಲಾಡ್ಜಿನಲ್ಲಿ ಎದ್ದು, ಒಗ್ಗರಣೆ-ಮಿರ್ಚಿ ತಿಂದು, ತೀರ್ಮಾನವನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ನನ್ನ ಕಮಾನು ಕಂಡವರಿಗೆ ನಾನು ಸುಲ್ತಾನರ ಶೈಲಿ, ಶಿಖರ ಕಂಡವರಿಗೆ ಗುಡಿಯ ಶೈಲಿ. ಒಬ್ಬರು ತಲೆ ಎತ್ತುವುದಿಲ್ಲ, ಇನ್ನೊಬ್ಬರು ತಗ್ಗಿಸುವುದಿಲ್ಲ.

ಆಧಾರ ಕೊಟ್ಟೇ ಬರೆಯುತ್ತಾರಲ್ಲ?

ಕೊಡುತ್ತಾರೆ. ಪೋರ್ಚುಗೀಸ್ ಪ್ರವಾಸಿ ನೂನಿಜ್ ಕುದುರೆ ವ್ಯಾಪಾರಿ. ಅವನು ಬರೆದದ್ದನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು; ಅದು ‘ಆಕರ’. ಇನ್ನು 1327ರಲ್ಲಿ ಕಂಪಿಲಿ ರಾಜ್ಯ ಬಿದ್ದ ಮೇಲೆ ತಾನೇ ಇಲ್ಲಿ ವಿಜಯನಗರ ಎದ್ದದ್ದು? ಆ ಕಂಪಿಲಿಯ ರಾಜಪುತ್ರ ಕುಮಾರರಾಮನ ಕಥೆಯನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದ ಅಜ್ಜಿ ಬಾಯಿ ತೆರೆದರೆ ಅದು ‘ಐತಿಹ್ಯ’. ಅನುಬಂಧದ ಕೊನೆಯಲ್ಲಿ ಆಕೆ ‘ವಕ್ತೃ’, ವಯಸ್ಸು ಸುಮಾರು 70.

ಪಕ್ಕದಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆಯಲ್ಲ?

1991ರಲ್ಲಿ ಸಂಶೋಧನೆಗೆಂದೇ ಹುಟ್ಟಿತು. ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಅಲ್ಲಿನವರು ಹಳ್ಳಿ ಹಳ್ಳಿ ತಿರುಗಿ ಜನಪದ ಮಹಾಕಾವ್ಯಗಳನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದರು. ಆದರೆ ಹೊರಗಿನಿಂದ ಬರುವ ಎಷ್ಟೋ ವಿದ್ವಾಂಸರಿಗೆ ಆ ಪುಸ್ತಕಗಳಲ್ಲಿ ಒಂದೇ ದೋಷ ಕಾಣುತ್ತದೆ: ಅವು ಕನ್ನಡದಲ್ಲಿವೆ.

ಹತ್ತಿರದ ಸಂಡೂರಿನ ಗಣಿ ಬೆಟ್ಟಗಳ ಮೇಲೂ ಸಂಶೋಧನೆ ನಡೆದಿದೆಯೇ?

ಭರ್ಜರಿಯಾಗಿ! ಅದಿರು ಎಷ್ಟಿದೆ ಎಂಬುದೇ ವಿಷಯ. ಆ ಪ್ರಬಂಧದ ಪುಟಗಳು ಲಾರಿಯಲ್ಲಿ ಹೋಗುತ್ತವೆ.

ಹೊಸ ಸಂಶೋಧಕರಿಗೆ ಸಲಹೆ?

ಮೊದಲು ಕಂಪ್ಲಿ (ಅದೇ ಹಳೆಯ ಕಂಪಿಲಿ) ಬಸ್ ಹತ್ತಿ. ಅಜ್ಜಿ ಹಾಡಿ ಮುಗಿಸುವ ತನಕ ಪ್ರಶ್ನಾವಳಿ ಚೀಲದಿಂದ ತೆಗೆಯಬೇಡಿ. ಪ್ರಬಂಧದ ಮೊದಲ ಪುಟದಲ್ಲೇ ಆಕೆಯ ಹೆಸರು ಹಾಕಿ. ಮಾರ್ಗದರ್ಶಕರು ಕನ್ನಡಕ ಸರಿಮಾಡಿಕೊಂಡು, “ಈ ಮೇಡಂ ಯಾವ ವಿಶ್ವವಿದ್ಯಾಲಯ?” ಅಂತ ಕೇಳುತ್ತಾರೆ. ಹೆದರಬೇಡಿ. “ಕಂಪ್ಲಿ, ಸರ್. ಅವರೇ ಅಲ್ಲಿ ಕುಲಪತಿ” ಅನ್ನಿ.