ಎಲ್ಕ್ ಧನುರ್ವ್ರತ ಕಲ್ಪಕ್ಕೊಂದು ಭಾಷ್ಯ

ಶಾಸ್ತ್ರ ಬರೆಯಲು ಕೂತವನು ಅಧಿಕಾರಿ ಯಾರೆಂದು ಮೊದಲು ಹೇಳಿಬಿಡಬೇಕು. ಎಲ್ಕ್ ಧನುರ್ವ್ರತಕ್ಕೆ ಅಧಿಕಾರಿ ಯಾರೆಂದರೆ, ಮನೆಯಲ್ಲಿ ಬಂದೂಕಿದ್ದೂ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದವನು. ಬಂದೂಕೇ ಇಲ್ಲದವನು ಬಿಲ್ಲು ಹಿಡಿದರೆ ಅದು ಬಡತನ. ಇದ್ದೂ ಬಿಟ್ಟರೆ ಮಾತ್ರ ವ್ರತ. ಮುನ್ನೂರು ಗಜದಾಚೆಯಿಂದ ಗುಂಡು ಹಾರಿಸಬಲ್ಲವನು ‘ಇದು ತೀರ ಸುಲಭವಾಯಿತು, ನನಗೆ ಕಷ್ಟ ಬೇಕು’ ಎಂದು ಸಂಕಲ್ಪ ಮಾಡಿ, ಪ್ರಾಣಿಯ ಮೂವತ್ತು ಗಜದೊಳಗೆ ನುಸುಳುವ ಪಣ ತೊಡುತ್ತಾನೆ. ಅಲ್ಲಿಗೆ ವ್ರತದ ಪೂರ್ವಾರ್ಧ ಮುಗಿಯಿತು. ಹೀಗೆ ಬೇಡಿ ತಂದುಕೊಂಡ ಕಷ್ಟವನ್ನು ದುಡ್ಡು ಕೊಟ್ಟು ಒಂದೊಂದಾಗಿ ನೀಗಿಕೊಳ್ಳುವುದೇ ಉತ್ತರಾರ್ಧ. ಪೂರ್ವಾರ್ಧಕ್ಕೆ ಒಂದು ನಿಮಿಷ ಸಾಕು, ಉತ್ತರಾರ್ಧಕ್ಕೆ ವರ್ಷ ಸಾಲದು. ಭಾಷ್ಯ ಬೇಕಾಗಿರುವುದೂ ಅದಕ್ಕೇ.

ಕ್ಷೇತ್ರ: ಅಮೆರಿಕದ ಕೊಲರಾಡೊ, ಎಲ್ಕ್ ಸಂಖ್ಯೆಯಲ್ಲಿ ಆ ದೇಶದ ಬೇರಾವ ರಾಜ್ಯವೂ ಅದಕ್ಕೆ ಸಮವಲ್ಲ. ಕಾಲ: ಸೆಪ್ಟೆಂಬರ್, ಗಂಡುಗಳಿಗೆ ಮದವೇರುವ ತಿಂಗಳು. ದೇವತೆ: ಎಲ್ಕ್, ನಮ್ಮ ಕಡವೆಯ ದೂರದ ದಾಯಾದಿ, ಬೆಳೆದ ಗಂಡು ಮುನ್ನೂರು ಕಿಲೊ ದಾಟುವ ಆಸಾಮಿ. ಒಳ್ಳೆಯ ವಲಯಗಳ ಪರವಾನಗಿಗೆ ಏಪ್ರಿಲ್‌ನಲ್ಲೇ ಅರ್ಜಿ ಹಾಕಿ ಲಾಟರಿಗೆ ಕಾಯಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಈ ವ್ರತಕ್ಕೆ ಎಡೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯನ್ನು ರಾಜವಿನೋದಗಳ ಸಾಲಿಗೆ ಸೇರಿಸಿದ್ದಾನೆ, ನಿಜ, ಆದರೆ ಏಪ್ರಿಲ್ ಲಾಟರಿಯ ಬಗ್ಗೆ ತುಟಿ ಬಿಚ್ಚಿಲ್ಲ. ಹಾಗಾಗಿ ಸ್ವದೇಶಿ ಪ್ರಮಾಣಗಳಿಗೆ ಇಲ್ಲೇ ಕೈಮುಗಿಯುವುದು ಮೇಲು.

ಇನ್ನು ಗುರುಪರಂಪರೆ. 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಊರಂಚಿನಲ್ಲಿ ಹಸಿದ ಮನುಷ್ಯನೊಬ್ಬ ಕಾಣಿಸಿಕೊಂಡ. ಬಿಳಿಯರ ಕೈಯಲ್ಲಿ ಹತರಾದ ಯಾಹಿ ಜನರಲ್ಲಿ ಉಳಿದಿದ್ದ ಕೊನೆಯವನು ಅವನು; ವಿದ್ವಾಂಸರು ಇಶಿ ಎಂದು ಕರೆದರು. ಅವನನ್ನು ನೋಡಿಕೊಂಡ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ವಿದ್ಯೆ ಕಲಿತು 1923ರಲ್ಲಿ ಪುಸ್ತಕ ಬರೆದರು, ಅಮೆರಿಕದ ಬಿಲ್ಲುಬೇಟೆಗೆ ಮರುಹುಟ್ಟು ಬಂತು. ಇಶಿಯ ಸಲಕರಣೆ ಇಷ್ಟು: ಜೂನಿಪರ್ ಮರಕ್ಕೆ ಪ್ರಾಣಿಯ ನರ ಅಂಟಿಸಿದ ಬಿಲ್ಲು, ಕಪ್ಪು ಗಾಜುಗಲ್ಲಿನ ಮೊನೆಯ ಬಾಣಗಳು, ತಾಳ್ಮೆ. ಮೊದಲ ಎರಡಕ್ಕೆ ಇಂದು ಅಂಗಡಿಯಲ್ಲಿ ಸಾವಿರ ಬಗೆಯ ಬದಲಿಗಳಿವೆ. ಮೂರನೆಯದಕ್ಕೆ ಬದಲಿ ಇನ್ನೂ ಬಂದಿಲ್ಲ. ಉಳಿದ ಸಾಮಾನೆಲ್ಲ ಆ ಕೊರತೆ ತುಂಬುವುದಕ್ಕೇ ಎಂಬುದು ಈ ಭಾಷ್ಯಕಾರನ ಅನುಮಾನ.

ಧನುಸ್ಸಿಗೆ ಬರೋಣ. ಹಳೆಯ ಬಿಲ್ಲನ್ನು ಎಳೆದಷ್ಟೂ ಭಾರ ಏರುತ್ತದೆ, ಪೂರ್ತಿ ಎಳೆದು ಗುರಿ ಹಿಡಿಯುವ ಹೊತ್ತಿಗೆ ತೋಳು ನಡುಗುತ್ತದೆ. ಮಿಸೌರಿಯ ಹಾಲಿಸ್ ವಿಲ್ಬರ್ ಆಲನ್ ಎಂಬಾತ ಬಿಲ್ಲಿನ ತುದಿಗಳನ್ನು ಕತ್ತರಿಸಿ ರಾಟೆ ಕೂರಿಸಿದ; 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಸಿಕ್ಕಿತು. ಅದೇ ಕಾಂಪೌಂಡ್ ಬಿಲ್ಲು. 70 ಪೌಂಡಿನ ಇಂಥ ಬಿಲ್ಲನ್ನು ನಡುವೆ ಒಮ್ಮೆ ಪೂರ್ತಿ ಬಲ ಹಾಕಿ ಎಳೆದರಾಯಿತು, ಕೊನೆಯಲ್ಲಿ ರಾಟೆಗಳು ಭಾರದ ನೂರಕ್ಕೆ ಎಂಬತ್ತು ಪಾಲನ್ನು ತಾವೇ ಹೊತ್ತು ಕೈಗೆ 14 ಪೌಂಡು ಮಾತ್ರ ಬಿಡುತ್ತವೆ. ಪೂರ್ವಪಕ್ಷಿ ಕೇಳುತ್ತಾನೆ: ಕಷ್ಟ ಬೇಕೆಂದೇ ಬಂದೂಕು ಬಿಟ್ಟವನಿಗೆ ಈ ವಿನಾಯಿತಿ ಸಲ್ಲುತ್ತದೆಯೆ? ಉತ್ತರ: ಏಕಾದಶಿಯ ದಿನ ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಹಾಲು, ಹಣ್ಣಿನಲ್ಲಿ ಹೊಟ್ಟೆ ಬಿರಿಯುವಷ್ಟು ಉಪವಾಸ ಮಾಡಿದವರು ಈ ಪ್ರಶ್ನೆ ಎತ್ತಬಾರದು.

ಬಿಲ್ಲು ಬರಿದಾಗಿ ಬರುತ್ತದೆ; ಆಮೇಲೆ ಅದಕ್ಕೆ ಆಭರಣ. ಹೆದೆಯ ನಡುವೆ ಇಣುಕುವ ಕಿಂಡಿ, ಹಿಡಿಯ ಮೇಲೆ ಗುರಿಸೂಜಿಗಳ ಚೌಕಟ್ಟು, ಅದರ ಬುಡದಲ್ಲಿ ಗಾರೆಯವರು ಬಳಸುವಂಥ ಪುಟ್ಟ ರಸಮಟ್ಟ, ಮುಂದಕ್ಕೆ ಚಾಚಿದ ಅಲುಗುತಡೆ ದಂಡ, ಬೆರಳಿನ ಬದಲು ಹೆದೆ ಬಿಡುವ ರಿಲೀಸ್. ಜೇಬಿನಲ್ಲಿ ಲೇಸರ್ ದೂರಮಾಪಕ. ಇಳಿಜಾರಿದ್ದರೆ ಕೋನ ಲೆಕ್ಕ ಹಾಕಿ ಅದು ದೂರವನ್ನು ತಾನೇ ತಿದ್ದಿ ಹೇಳುತ್ತದೆ. ದ್ರೋಣರು ಈಗಿನ ಶಿಷ್ಯನನ್ನು ‘ಮಗೂ, ಏನು ಕಾಣುತ್ತಿದೆ?’ ಎಂದು ಕೇಳಿದರೆ ಬರುವ ಉತ್ತರ: ‘ಗುರುಗಳೇ, 20 ಗಜದ ಹಸಿರು ಸೂಜಿ, 30ರ ಕೆಂಪು, 40ರ ಹಳದಿ, ಕಿಂಡಿಯ ಬಳೆ, ರಸಮಟ್ಟದ ಗುಳ್ಳೆ ಕಾಣುತ್ತಿವೆ. ಗುಳ್ಳೆ ಕೊಂಚ ಎಡಕ್ಕಿದೆ.’ ‘ಮತ್ತೆ ಎಲ್ಕು?’ ‘ಈಗತಾನೇ ಇತ್ತು.’

ಬಾಣಪ್ರಕರಣದಲ್ಲಿ ಮತಭೇದ ಘೋರ. ಬಾಣವನ್ನು ತೂಗುವುದು ಗ್ರೇನ್‌ನಲ್ಲಿ. ಒಂದು ಗ್ರಾಮಿಗೆ ಹದಿನೈದು ಗ್ರೇನ್ ಚಿಲ್ಲರೆ. ಲಘುವಾದಿಗಳು 400 ಗ್ರೇನ್ ಸಾಕೆನ್ನುತ್ತಾರೆ. ಗುರುವಾದಿಗಳಿಗೆ 650ಕ್ಕಿಂತ ಕಡಿಮೆಯದು ಹಲ್ಲುಕಡ್ಡಿ. ಹಗುರವಾದದ್ದು ಬೇಗ ಮುಟ್ಟುತ್ತದೆ, ಜಿಂಕೆ ಅಲುಗುವ ಮೊದಲೇ ಕೆಲಸವಾಗುತ್ತದೆ ಎಂಬುದು ಲಘುವಾದಿಗಳ ವಾದ. ಲೆಕ್ಕ ಹಾಕಿ ನೋಡೋಣ. ಮೂವತ್ತು ಗಜವೆಂದರೆ 27 ಮೀಟರು. ಸೆಕೆಂಡಿಗೆ ನೂರು ಮೀಟರಿನ ಬಾಣಕ್ಕೆ ಅದು 0.27 ಸೆಕೆಂಡಿನ ದಾರಿ. ಹೆದೆಯ ಸದ್ದು 0.08 ಸೆಕೆಂಡಿನಲ್ಲೇ ಜಿಂಕೆಯ ಕಿವಿ ಸೇರಿರುತ್ತದೆ. ಬಿಳಿಬಾಲದ ಜಿಂಕೆಯಂತೂ ಸದ್ದು ಕೇಳಿದ್ದೇ ಓಟಕ್ಕೆ ಕಾಲು ಮಡಿಸಿ ಮೈ ತಗ್ಗಿಸುತ್ತದೆ, ಬಾಣ ಬೆನ್ನ ಮೇಲಿಂದ ಹಾದುಹೋಗುತ್ತದೆ. ದಶರಥ ಸದ್ದು ಕೇಳಿ ಬಾಣ ಬಿಟ್ಟ. ಇಲ್ಲಿ ಶಬ್ದವೇಧಿ ವಿದ್ಯೆ ಜಿಂಕೆಗೇ ಕರಗತ. ಪರಿಹಾರವೆಂದು ಬಿಲ್ಲಿನ ಮೈತುಂಬ ರಬ್ಬರ್ ತುಂಡುಗಳನ್ನು ಅಂಟಿಸುವ ಪದ್ಧತಿ ಬಂದಿದೆ. ತುಂಡುಗಳೂ ಮಾರಾಟಕ್ಕಿವೆ.

ಮೊನೆಯ ವಿಷಯದಲ್ಲಿ ಮತ್ತೆರಡು ಪೀಠಗಳು: ಸ್ಥಿರ ಅಲಗಿನವರು, ಬಿಚ್ಚಲಗಿನವರು. ಬಿಚ್ಚಲಗು ಹಾರುವಾಗ ಮಡಿಸಿಕೊಂಡಿದ್ದು ತಾಗಿದಾಗ ತೆರೆಯುತ್ತದೆ. ತೆರೆಯದಿದ್ದರೆ ಏನು ಗತಿ ಎಂಬುದು ಎದುರಿನವರ ಆಕ್ಷೇಪ. ಸ್ಥಿರ ಅಲಗು ಗಾಳಿ ಹಿಡಿದು ದಾರಿ ತಪ್ಪುತ್ತದೆ, ಬಿಲ್ಲನ್ನು ವಾರಗಟ್ಟಲೆ ಶ್ರುತಿ ಮಾಡಬೇಕು ಎಂಬುದು ಮರುಆಕ್ಷೇಪ. ಈ ವಾದದಲ್ಲಿ ಸೋತು ಎದುರು ಮತಕ್ಕೆ ಸೇರಿದವರು ವಿರಳ. ಬತ್ತಳಿಕೆಯಲ್ಲಿ ಎರಡನ್ನೂ ಇಟ್ಟುಕೊಂಡು ಓಡಾಡುವ ಗುಪ್ತ ಸಮನ್ವಯವಾದಿಗಳು ಬೇಕಾದಷ್ಟಿದ್ದಾರೆ.

ವ್ರತದ ಹೃದಯ ಇರುವುದು ಮಡಿಯಲ್ಲಿ, ಕನ್ನಡದ ಓದುಗರಿಗೆ ಇಲ್ಲಿ ಟಿಪ್ಪಣಿ ಬೇಡ. ಎಲ್ಕಿಗೆ ಮನುಷ್ಯನ ವಾಸನೆಯೇ ಮೈಲಿಗೆ. ಆದ್ದರಿಂದ ಬೇಟೆಯ ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಹೊರಗೆ ಗಾಳಿಗೆ ಒಣಹಾಕಿ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ ಬೇರೆಯಾಗಿಡಬೇಕು. ಮನೆಯ ಬಟ್ಟೆಗೆ ಅದು ತಗುಲಕೂಡದು. ಅದನ್ನುಟ್ಟು ಪೆಟ್ರೋಲ್ ಬಂಕಿಗೆ ಹೋಗಕೂಡದು, ಉಟ್ಟವನನ್ನು ನಾಯಿ ಮುಟ್ಟಕೂಡದು. ಕಾಡಿನಂಚಿನಲ್ಲಿ ಕಾರು ನಿಲ್ಲಿಸಿ ಅಲ್ಲೇ ಉಡಬೇಕು. ಕೊಡೆಯ ತುದಿಯಿಂದ ಮಡಿಪಂಚೆ ಇಳಿಸುತ್ತಿದ್ದ ನಮ್ಮ ಅಜ್ಜಿಯರು ಈ ನಿಯಮಾವಳಿ ಓದಿದ್ದರೆ ತಲೆದೂಗಿ, ಒಂದೆರಡು ಲೋಪ ಎತ್ತಿ ತೋರಿಸುತ್ತಿದ್ದರು. ಇಶಿಯೂ ಮಡಿಯವನೇ: ಬೇಟೆಯ ಹಿಂದಿನ ದಿನ ಮೀನು, ಹೊಗೆಸೊಪ್ಪು ಮುಟ್ಟದೆ, ಬೆಳಗ್ಗೆ ಹೊಳೆಯಲ್ಲಿ ಮಿಂದು, ಪರಿಮಳದ ಎಲೆ ಮೈಗುಜ್ಜಿಕೊಂಡು ಬರಿಹೊಟ್ಟೆಯಲ್ಲಿ ಹೊರಡುತ್ತಿದ್ದನೆಂದು ಪೋಪ್ ಬರೆದಿದ್ದಾರೆ. ಅವನ ಮಡಿಗೆ ಹೊಳೆ ಸಾಕಾಯಿತು. ಈಗಿನ ಮಡಿಗೆ ಇದ್ದಿಲು ಪದರದ ಅಂಗಿ ಬೇಕು, ಓಝೋನ್ ಉಗುಳುವ ಯಂತ್ರ ಬೇಕು.

ಶುದ್ಧಿ ಮುಗಿದ ಮೇಲೆ ಪ್ರೋಕ್ಷಣೆ. ಬೆದೆಗೆ ಬಂದ ಹೆಣ್ಣಿನ ಮೂತ್ರ ಸೀಸೆಯಲ್ಲಿ ಸಿಗುತ್ತದೆ. ನಮ್ಮಲ್ಲಿ ಗೋಮೂತ್ರ ಚಿಮುಕಿಸುವಂತೆ ಅದನ್ನು ಸುತ್ತ ಚಿಮುಕಿಸುತ್ತಾರೆ. ಜಿಂಕೆಜಾತಿಯ ಮಿದುಳನ್ನು ತಿಂದು ಮೈ ಸೊರಗಿಸುವ ರೋಗವೊಂದು 1967ರಲ್ಲಿ ಕೊಲರಾಡೊದಲ್ಲೇ ಮೊದಲು ಗಮನಕ್ಕೆ ಬಂತು. ಅದು ಮೂತ್ರದಿಂದಲೂ ಹರಡೀತೆಂದು ಹಲವು ರಾಜ್ಯಗಳು ಅಸಲಿ ಸೀಸೆಯನ್ನು ನಿಷೇಧಿಸಿವೆ. ಅಲ್ಲೆಲ್ಲ ಕೃತಕ ಮೂತ್ರವೇ ಗತಿ. ಇಷ್ಟಾದರೂ ಬೆಳಗ್ಗೆ ತಂಪುಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದರೆ ಮೇಲಕ್ಕೆ ತಿರುಗುತ್ತದೆ, ಅದರ ಜೊತೆ ಮನುಷ್ಯವಾಸನೆಯೂ ತಿರುಗುತ್ತದೆ. ಗಾಳಿಯ ದಿಕ್ಕು ನೋಡಲು ಚಿಮ್ಮಿಸುವ ಪುಡಿಯ ಪುಟ್ಟ ಸೀಸೆ ಈ ಸಾಮಾನಿನಲ್ಲೆಲ್ಲ ಅಗ್ಗದ್ದು. ಕೆಲಸಕ್ಕೆ ಬರುವುದೂ ಅದೇ. ಹಾಗಾಗಿ ಅದರ ಮೇಲೆ ಯಾವ ಮತವೂ ಹುಟ್ಟಲಿಲ್ಲ.

ವೇಷದ ಬಗ್ಗೆ ಒಂದೇ ಮಾತು. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಎದ್ದು ಕಾಣುವುದಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಎಲೆ, ಕೊಂಬೆ, ತೊಗಟೆಯನ್ನು ಕೂದಲೆಳೆಯಷ್ಟು ನಿಖರವಾಗಿ ಅಚ್ಚೊತ್ತಿದ ಬಟ್ಟೆ ಯಾರ ಕಣ್ಣಿಗಾಗಿ ಎಂದರೆ, ಅಂಗಡಿಗೆ ಬರುವ ಮನುಷ್ಯನ ಕಣ್ಣಿಗಾಗಿ.

ಮಂತ್ರಭಾಗವೂ ಉಂಟು. ಗಂಡು ಎಲ್ಕು ತಗ್ಗಿನಿಂದ ಏರಿ ಕೀರಲು ಸೀಟಿಯಾಗುವ ಒಂದು ಕೂಗು ಹಾಕುತ್ತದೆ. ಅಂಗುಳಿಗೆ ರಬ್ಬರ್ ಪೊರೆ ಅಂಟಿಸಿಕೊಂಡು, ಕೊಳವೆ ಹಿಡಿದು, ಅದನ್ನು ಅನುಕರಿಸಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮೊಂಟಾನದಲ್ಲಿ 1984ರಲ್ಲಿ ಹುಟ್ಟಿದ ರಾಕಿ ಮೌಂಟನ್ ಎಲ್ಕ್ ಫೌಂಡೇಶನ್ ಈ ಕೂಗಿಗೆ ವಿಶ್ವಚಾಂಪಿಯನ್‌ಶಿಪ್ಪನ್ನೇ ನಡೆಸುತ್ತದೆ. ಕೂಗಿಗೆ ಕೂಗು ಉತ್ತರವಾಗಿ ಬಂದರೆ ವ್ರತಿಗೆ ರೋಮಾಂಚನ. ಮರಗಳ ಮರೆಯಲ್ಲಿ ತೆವಳುತ್ತ ಒಂದು ಗಂಟೆ ಹತ್ತಿರ ಹತ್ತಿರ ಬಂದ ಮೇಲೆ, ಅತ್ತಲಿಂದ ತೆವಳಿ ಬಂದ ಇನ್ನೊಬ್ಬ ವ್ರತಿ ಎದುರಾಗುವುದೂ ಉಂಟು.

ಈಗ ಪೂರ್ವಪಕ್ಷಿಯ ಬ್ರಹ್ಮಾಸ್ತ್ರ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಯಿಲ್ಲ. ಅದಕ್ಕೆ ಅಂಟಿಕೊಂಡ ಎಸ್ಟಿಸ್ ಪಾರ್ಕ್ ಊರಿನ ಗಾಲ್ಫ್ ಮೈದಾನದಲ್ಲಿ ಸೆಪ್ಟೆಂಬರ್ ಬಂದರೆ ಎಲ್ಕುಗಳು ಹಿಂಡುಹಿಂಡಾಗಿ ಮೇಯುತ್ತವೆ. ನೀಲಿ ಜೀನ್ಸ್ ತೊಟ್ಟು, ಸೆಂಟು ಪೂಸಿಕೊಂಡು, ಐಸ್‌ಕ್ರೀಮ್ ಹಿಡಿದು ಗಟ್ಟಿಯಾಗಿ ಮಾತಾಡುವ ಪ್ರವಾಸಿಗೆ ಉದ್ಯಾನದವರು ‘75 ಅಡಿಗಿಂತ ಹತ್ತಿರ ಹೋಗಬೇಡಿ’ ಎಂದು ಬೇಡಿಕೊಳ್ಳಬೇಕಾಗಿದೆ. 75 ಅಡಿ ಎಂದರೆ 25 ಗಜ. ಬೆಟ್ಟದ ಆಚೆ ಮಡಿಯುಟ್ಟ ವ್ರತಿಗೆ ಇಡೀ ತಿಂಗಳು ತಪಸ್ಸು ಮಾಡಿದರೂ ದಕ್ಕದ ದೂರ ಅದು. ಹಾಗಾದರೆ ಸಾಮಾನಿನ ಪ್ರಯೋಜನವೇನು?

ಸಿದ್ಧಾಂತ: ಪ್ರಯೋಜನ ಎಲ್ಕಿಗೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯ ಹಣವನ್ನು ವನ್ಯಜೀವಿಗಳಿಗೆಂದು ರಾಜ್ಯಗಳಿಗೆ ಹಂಚಿತು. 1970ರ ದಶಕದಲ್ಲಿ ಬಿಲ್ಲು ಸಲಕರಣೆಯೂ ಅದರ ಬಲೆಗೆ ಬಿತ್ತು. ಬಿಲ್ಲಿನ ಮೇಲೆ ನೂರಕ್ಕೆ 11. ಕಳೆದ ಶತಮಾನದ ಆರಂಭದಲ್ಲಿ ಲಕ್ಷಕ್ಕಿಂತ ಕೆಳಗಿಳಿದಿದ್ದ ಎಲ್ಕುಗಳು ಇಂದು ಹತ್ತು ಲಕ್ಷದ ಸುತ್ತಮುತ್ತ ಇವೆ. ಪರವಾನಗಿ ಶುಲ್ಕದ ಜೊತೆ ಈ ತೆರಿಗೆಗೂ ಅದರಲ್ಲಿ ಪಾಲಿದೆ. ಹೊಸ ಬಿಲ್ಲು ಕೊಂಡಾಗಲೆಲ್ಲ ದಕ್ಷಿಣೆ ಸಂದಾಯವಾಗುತ್ತದೆ. ಬಾಣ ಗುರಿ ತಪ್ಪಿದರೆ ದಕ್ಷಿಣೆ ವಾಪಸಾಗುವುದಿಲ್ಲ. ಎಲ್ಲವನ್ನೂ ಕೊಂಡು ಯಾವುದನ್ನೂ ಹೊಡೆಯದ ಭಕ್ತನಿಗಿಂತ ಉತ್ತಮ ಭಕ್ತ ಎಲ್ಕಿಗೆ ಸಿಗಲಾರ, ಅಂಥವರೇ ಬಹುಸಂಖ್ಯಾತರು.

ಅಪವಾದವೂ ಇದೆ, ಹೇಳದಿದ್ದರೆ ಭಾಷ್ಯಕ್ಕೆ ದೋಷ ತಟ್ಟುತ್ತದೆ. ಒಮ್ಮೊಮ್ಮೆ ಗಾಳಿ ತಿರುಗುವುದಿಲ್ಲ, ಗುಳ್ಳೆ ನಡುವೆ ನಿಲ್ಲುತ್ತದೆ, ಬಾಣ ತಾಗುತ್ತದೆ. ಆಗ ಅರ್ಧ ಗಂಟೆಯಾದರೂ ಅಲುಗದೆ ಕೂತಿದ್ದು, ಆಮೇಲೆ ರಕ್ತದ ಜಾಡು ಹಿಡಿದು ನಡೆಯಬೇಕು. ಪ್ರಾಣಿ ಸಿಕ್ಕಿತೆನ್ನಿ. ಹತ್ತು ಸಾವಿರ ಅಡಿ ಎತ್ತರ, ಇಳಿಹೊತ್ತು, ಕಾರು ಮೂರು ಮೈಲಿ ಕೆಳಗೆ, ಮೂಳೆ ಬಿಡಿಸಿದರೂ ಎಂಬತ್ತು ತೊಂಬತ್ತು ಕಿಲೊ ಮಾಂಸ, ಕೆಡುವ ಮೊದಲು ತಂಪಾಗಿಸಬೇಕು. ಲೇಸರ್, ರಸಮಟ್ಟ, ಓಝೋನ್ ಯಂತ್ರ, ಕೃತಕ ಮೂತ್ರ, ಯಾವುದೂ ಈಗ ಕೈ ಹಿಡಿಯುವುದಿಲ್ಲ; ಬೇಕಾದದ್ದು ಚಾಕು, ಹಗ್ಗ, ಬಟ್ಟೆಚೀಲ, ಗಟ್ಟಿ ಬೆನ್ನು. ಮೂರೋ ನಾಲ್ಕೋ ಸಲ ಹತ್ತಿಳಿಯಬೇಕು. ಇದು ಧನುಃಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ, ಹಮಾಲಿ ಶಾಸ್ತ್ರ; ಭಾಷ್ಯ ಬೇಕಿದ್ದರೆ ಎಪಿಎಂಸಿ ಯಾರ್ಡಿನಲ್ಲಿ ವಿಚಾರಿಸತಕ್ಕದ್ದು.